ನೂರ ಇಪ್ಪತ್ತೇಳು ಹಲ್ಲಿನ ಗೇರ್

ಬೀರುವಿನ ಕೆಳಗೆ ಪೊರಕೆ ಆಡಿಸುವಾಗ ಒಂದು ನಟ್ಟು ಉರುಳಿ ಬಂದು ನನ್ನ ಕಾಲ ಬಳಿ ನಿಂತಿತು.

"ಏನದು ಸದ್ದು?" ಒಳಗಿನಿಂದ ಅತ್ತೆ ಕೇಳಿದರು.

"ನಟ್ಟು."

"ಬಿಸಾಕು."

ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟಿದ್ದರು. ಬಾಡಿಗೆ ಕುರ್ಚಿಗಳು ವಾಪಸಾಗಿದ್ದವು. ಇವತ್ತು ಯಾರೂ ಅಳಲು ಬರುವವರಿರಲಿಲ್ಲ. ಹಾಲು ಕಾಯಿಸುವುದು, ಕಸ ಗುಡಿಸುವುದು, ಬಟ್ಟೆ ನೆನೆಹಾಕುವುದು ಇಷ್ಟೇ. ಮಣ್ಣು ಮಾಡಿ ಬಂದ ಮೇಲಿನ ಮೊದಲ ಮಾಮೂಲಿ ಬೆಳಗು.

ನಟ್ಟನ್ನು ಬಿಸಾಕಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಇಂಥವನ್ನು ಊಟದ ಡಬ್ಬಿಯ ತುಂಬ ತಂದಿದ್ದರು. ಇದೇ ನೆಲದ ಮೇಲೆ ನಡುವೆ ಒಂದು ನಟ್ಟು ಇಟ್ಟು, ಸುತ್ತ ಆರು ಜೋಡಿಸಿ, ಅದರ ಸುತ್ತ ಹನ್ನೆರಡು, ಆಮೇಲೆ ಹದಿನೆಂಟು, ಹೀಗೆ ಆರು ಸುತ್ತು ಕಟ್ಟಿದರು. ಜೇನುಗೂಡಿನ ಹಾಗೆ ಒಂದಕ್ಕೊಂದು ಅಂಟಿ ಕೂತವು.

"ಎಷ್ಟಿದೆ, ಎಣಿಸು," ಅಂದರು.

"ನೂರ ಇಪ್ಪತ್ತೇಳು."

"ಎಣಿಸ್ಲೇ ಇಲ್ಲವಲ್ಲ ನೀನು."

"ಎಣಿಸಬೇಕಾಗಿಲ್ಲ. ಲೆಕ್ಕಕ್ಕೆ ಬರುತ್ತೆ."

ಅವರು ಒಂದೊಂದನ್ನೂ ಬೆರಳಿಟ್ಟು ಎಣಿಸಿದರು. ನೂರ ಇಪ್ಪತ್ತೇಳೇ ಇತ್ತು. "ಎಣಿಸದೆ ಹೇಳೋರನ್ನ ನಂಬಬೇಡ ಅಂತಾರೆ ನಮ್ಮ ಮಾವ," ಎಂದು ನಕ್ಕರು.

ಆ ನೂರ ಇಪ್ಪತ್ತೇಳೇ, ಅಷ್ಟು ಹಲ್ಲಿನ ಗೇರೇ ಅವರನ್ನು ಕೊಂದಿತು ಎಂದು ಈಗ ಊರು ಹೇಳುತ್ತಿದೆ. ವರ್ಕ್‌ಶಾಪಿನಲ್ಲಿ ಅವರು ಲೇತ್ ಯಂತ್ರದ ಮೇಲೆ ಕೊರೆದ ಸ್ಕ್ರೂ ಹಾಕಿದ್ದ, ಗಾಡಿ ಎತ್ತುವ ಲಿಫ್ಟು, ವ್ಯಾನಿನ ಸಮೇತ ಅವರ ಮೇಲೇ ಕುಸಿದಿತ್ತು. ಜೊತೆಗಿದ್ದ ಫಿಟ್ಟರ್ ಉಳಿದ, ಒಂದು ಕಾಲು ಉಳಿಯಲಿಲ್ಲ. ಸ್ಕ್ರೂವಿನ ಸುತ್ತುಗಳ ನಡುವಿನ ಅಂತರ ಲೇತಿಗೆ ಹಾಕುವ ಗೇರಿನ ಹಲ್ಲುಗಳಿಂದ ಬರುತ್ತದೆ. ಲೇತ್ ನಡೆಸುವ ಟರ್ನರ್ ಗೇರಿನ ಲೆಕ್ಕ ತಪ್ಪಿದ್ದಾನೆ ಎಂಬ ಮಾತು ಅಂತ್ಯಕ್ರಿಯೆಯ ಗುಂಪಿನಲ್ಲೇ ಓಡಾಡುತ್ತಿತ್ತು.

ಗೇರಿನ ಲೆಕ್ಕ ಮಾಡಿಕೊಟ್ಟವಳು ನಾನು.

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ಬಾಗಿಲ ಹಿಂದಿನ ಚೀಲವನ್ನು ತಂದು ನನ್ನ ಮುಂದೆ ಇಟ್ಟರು. ಅದು ನೆಲಕ್ಕೆ ದೊಪ್ಪನೆ ಕೂತಿತು.

"ಇವತ್ತೇ ಹೋಗಿ ಇದನ್ನ ಕೊಟ್ಟು ಬಾ."

"ಮಾವನ ಗೇರಾ?"

"ಹೂಂ. ಎರವಲು ತಂದ ವಸ್ತು ಇಟ್ಕೊಂಡು ಕೂತಿದಾರೆ ಅಂತ ಅನ್ನಿಸ್ಕೋಬಾರದು."

ನನಗೆ ವಿಚಿತ್ರ ಅನಿಸಿತು. ಗೇರ್ ಕೊಟ್ಟದ್ದು ಹೊರಗಿನವರಲ್ಲ, ಅತ್ತೆಯ ಸ್ವಂತ ತಮ್ಮ. ನನ್ನ ಗಂಡನಿಗೆ ಲೇತ್ ಕಲಿಸಿದ ಸೋದರಮಾವ. ಆ ಸುತ್ತಿನ ಟರ್ನರುಗಳೆಲ್ಲ ಅವರನ್ನು ಎಣಿಕೆ ಮಾವ ಅಂತಲೇ ಕರೆಯುವುದು, ಯಾವ ಗೇರನ್ನೂ ಹಲ್ಲು ಎಣಿಸದೆ ಮೆಷಿನ್ನಿಗೆ ಹಾಕಲು ಬಿಡುವುದಿಲ್ಲ ಎಂದು.

"ಅವರೇನೂ ಕೇಳಿಲ್ಲವಲ್ಲ ಅತ್ತೆ. ಮೊನ್ನೆ ಬಂದಾಗ ಗೇಟಿನ ಹತ್ತಿರ ನಿಂತು ಹಾಗೇ ಹೋದರು. ನಿಮ್ಮನ್ನೂ ಮಾತಾಡಿಸಲಿಲ್ಲ."

"ಅವನಿಗೂ ದುಃಖ ಇರಲ್ವಾ?" ಅತ್ತೆ ಚೀಲದ ಬಾಯಿಯನ್ನು ಇನ್ನೊಮ್ಮೆ ಬಿಗಿದರು. "ನಾನೇ ಬಟ್ಟೆ ಸುತ್ತಿ ಕಟ್ಟಿದೀನಿ. ಬಿಚ್ಚೋಕೆ ಹೋಗ್ಬೇಡ, ಎಣ್ಣೆ ಮೆತ್ಕೊಳ್ಳುತ್ತೆ."

ಬಚ್ಚಲಲ್ಲಿ ನನ್ನ ಗಂಡನ ಕೆಲಸದ ಅಂಗಿ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಹಿಂಡಲು ಹೋದಾಗ ಜೇಬಿನಲ್ಲಿದ್ದ ಕಬ್ಬಿಣದ ಸುರುಳಿ ಬೆರಳಿಗೆ ಚುಚ್ಚಿತು. ನೋವು ಗೊತ್ತಾಗಲಿಲ್ಲ, ರಕ್ತ ನೋಡಿ ಗೊತ್ತಾಯಿತು. ಅಂಗಿಯನ್ನು ಹಾಗೇ ಬಿಟ್ಟೆ.

ಚೀಲ ಎತ್ತಿಕೊಂಡು ಹೊರಗೆ ಬಂದರೆ ಗೇಟಿನಲ್ಲಿ ಫಿಟ್ಟರನ ಹೆಂಡತಿ.

ಒಳಗೆ ಓಡಿಹೋಗಬೇಕು ಅನಿಸಿತು. ಅವಳೂ ಅಷ್ಟೇ ಹಿಂಜರಿದು ನಿಂತಿದ್ದಳು. ಕೈಯಲ್ಲಿ ನನ್ನ ಗಂಡನ ಊಟದ ಡಬ್ಬಿ.

"ವರ್ಕ್‌ಶಾಪಲ್ಲೇ ಉಳ್ಕೊಂಡಿತ್ತು ಅಕ್ಕ. ತೊಳೆದು ತಂದಿದೀನಿ."

"ಅವರು ಹೇಗಿದಾರೆ?"

"ಇಲ್ಲದಿರೋ ಪಾದದಲ್ಲಿ ಬೆರಳು ಕೆರೀತಿದೆ ಅಂತಾರೆ. ಕೆರಿ ಅಂತ ನನ್ನ ಮೇಲೆ ರೇಗ್ತಾರೆ. ನಾನು ಬೆಡ್‌ಶೀಟು ಕೆರೀತೀನಿ. ಆಗ ಸುಮ್ಮನಾಗ್ತಾರೆ."

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ.

"ಅಕ್ಕ, ಒಂದ್ ಮಾತು. ಜಗಳಕ್ಕೆ ಬಂದಿಲ್ಲ ನಾನು." ಅವಳು ನನ್ನ ಮುಖ ನೋಡಲಿಲ್ಲ, ಡಬ್ಬಿಯ ಮುಚ್ಚಳ ನೋಡುತ್ತ ಕೇಳಿದಳು. "ಲೆಕ್ಕ ತಪ್ಪಿತ್ತು ಅಂತಾರೆ. ನಿಜಾನಾ? ಓದಿದೋರು ನೀವು, ನಿಮಗೆ ಗೊತ್ತಿರುತ್ತೆ ಅಂತ."

ಅವಳು ಬೈದಿದ್ದರೆ ಎದುರು ನಿಲ್ಲಬಹುದಿತ್ತು.

"ನಾಳೆ ಹೇಳ್ತೀನಿ," ಎಂದೆ.

"ನಾಳೆ ತನಿಖೆಯವರು ಬರ್ತಾರಂತಲ್ಲ. ಅವರಿಗಿಂತ ಮುಂಚೆ ನನಗೆ ಹೇಳಿ ಅಕ್ಕ. ಅವರ ಬಾಯಲ್ಲಿ ಕೇಳೋದಕ್ಕಿಂತ ನಿಮ್ಮ ಬಾಯಲ್ಲಿ ಕೇಳೋದು ವಾಸಿ."

ಹಾಗಾಗಿ ನಾನು ಮೊದಲು ಮಾವನ ಮನೆಗೆ ಹೋಗಲಿಲ್ಲ. ವರ್ಕ್‌ಶಾಪಿಗೆ ಹೋದೆ.

*

ಲಿಫ್ಟನ್ನು ಮಗ್ಗುಲಿಗೆ ಉರುಳಿಸಿದ್ದರು. ಅದರ ಸ್ಕ್ರೂ ಎರಡು ಕಬ್ಬಿಣದ ಸ್ಟೂಲುಗಳ ಮೇಲೆ ಮಲಗಿತ್ತು, ನನ್ನಷ್ಟು ಉದ್ದ, ಮಣಿಕಟ್ಟಿನಷ್ಟು ದಪ್ಪ. ನೆಲ ತೊಳೆದಿದ್ದರು. ಎಲ್ಲಿ ತೊಳೆದಿದ್ದರು ಎಂಬುದು ತೊಳೆದದ್ದರಿಂದಲೇ ಕಾಣುತ್ತಿತ್ತು.

ನಾನು ಒಳಗೆ ಕಾಲಿಟ್ಟೊಡನೆ ಮೆಷಿನ್ನುಗಳು ಒಂದೊಂದಾಗಿ ನಿಂತವು. ಕೆಲಸದವರು ಕಣ್ಣು ತಪ್ಪಿಸಿದರು.

"ಕೂತ್ಕೊಳ್ಳಿಮ್ಮ," ಅಂದರು ವರ್ಕ್‌ಶಾಪಿನ ಯಜಮಾನರು.

"ಅಳತೆ ಹಿಡೀಬಹುದಾ?"

"ಮುಟ್ಬೇಡಿ ಅಂದಿದಾರೆ ತನಿಖೆಯವರು. ಟೇಪು ಹಿಡಿಯೋಕೆ ಏನೂ ಅಂದಿಲ್ಲ." ಅವರೇ ಟೇಪು ತಂದು ಒಂದು ತುದಿ ಹಿಡಿದರು.

ಆರು ಮಿಲಿಮೀಟರಿಗೆ ಒಂದು ಸುತ್ತು ಬರಬೇಕಾದ ಸ್ಕ್ರೂ ಅದು. ನೂರು ಸುತ್ತಿಗೆ ಆರುನೂರು ಮಿಲಿಮೀಟರ್. ನಾನು ನೂರು ಸುತ್ತು ಎಣಿಸಿ ಟೇಪು ಓದಿದೆ. ಆರುನೂರ ನಾಲ್ಕೂಮುಕ್ಕಾಲು.

ಇನ್ನೊಂದು ತುದಿಯಿಂದ ಎಣಿಸಿದೆ. ಅಷ್ಟೇ ಬಂತು.

ಯಜಮಾನರು ತಲೆ ಕೆರೆದುಕೊಂಡರು. "ಲಿಫ್ಟಿನ ನಟ್ಟು ಹಳೇದು, ಸವೆದಿತ್ತು. ಅದಕ್ಕೇ ಈ ಸ್ಕ್ರೂನೂ ಒಳಗೆ ಬಿಟ್ಕೊಳ್ತು. ಏನೋ ಬಿಗಿ ಅಂದ್ರು ನಿಮ್ಮೆಜಮಾನ್ರು. ಹೊಸ ಸ್ಕ್ರೂ ಅಲ್ವಾ, ಗ್ರೀಸ್ ಹಾಕಿ ಅಂದೆ ನಾನೇ."

ನಟ್ಟನ್ನು ತೋರಿಸಿದರು. ಒಳಗಿನ ಹತ್ತು ಸುತ್ತಿನಲ್ಲಿ ಕೊನೆಯ ಒಂದೇ ಸುತ್ತು ಹೊಳೆಯುತ್ತಿತ್ತು. ಉಳಿದವು ಸ್ಕ್ರೂವಿಗೆ ತಾಗಿಯೇ ಇರಲಿಲ್ಲ. ಹತ್ತು ಜನ ಹೊರಬೇಕಾದ ಭಾರವನ್ನು ಒಬ್ಬನ ತಲೆ ಮೇಲೆ ಇಟ್ಟ ಹಾಗೆ. ಅದು ಸುಲಿದುಕೊಂಡಿತ್ತು.

"ಬೇಜಾರ್ ಮಾಡ್ಕೋಬೇಡಿ," ಅಂದರು ಯಜಮಾನರು. "ಈ ಲೇತ್ ಅಂಗುಲದ ಕಾಲದ್ದು. ಮಿಲಿಮೀಟರ್ ಸ್ಕ್ರೂ ಬಂದಾಗ ನಾವು ಅರವತ್ತಮೂರರ ಗೇರ್ ಹಾಕ್ತಿದ್ವಿ. ಒಂದು ಲಿಫ್ಟೂ ಬಿದ್ದಿಲ್ಲ. ನಿಮ್ಮೆಜಮಾನ್ರು ಈ ಸಲ, ಅದು ಸುಳ್ಳು ಗೇರ್, ಬೇಡ ಅಂದ್ರು. ಯಾರಪ್ಪ ಹೇಳಿದ್ದು ಅಂದೆ. ನಮ್ಮನೇಲಿ ಅಂದ್ರು. ಸರಿ ಬಿಡು, ಮನೇಲಿ ಹೇಳಿದ ಮೇಲೆ ಸುಪ್ರೀಂ ಕೋರ್ಟೇ ಹೇಳಿದ ಹಾಗೆ ಅಂತ ಎಲ್ಲರೂ ನಕ್ವಿ."

ಕೆಲಸದವರಲ್ಲಿ ಒಬ್ಬನೂ ಈಗ ನಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಹೇಳಿದ್ದು ನಿಜ. ಐದು ಅಂಗುಲ ಅಂದರೆ ಸರಿಯಾಗಿ ನೂರ ಇಪ್ಪತ್ತೇಳು ಮಿಲಿಮೀಟರ್. ಅಂಗುಲದ ಲೇತ್ ಮಿಲಿಮೀಟರಿನ ಮಾತಾಡಬೇಕಾದರೆ ಆ ಸಂಖ್ಯೆ ಎಲ್ಲಾದರೊಂದು ಕಡೆ ಬರಲೇಬೇಕು. ನೂರ ಇಪ್ಪತ್ತು ಬೇಕಾಗಿದ್ದರೆ ಅದನ್ನು ಒಡೆದು ಎರಡು ಚಿಕ್ಕ ಗೇರುಗಳಲ್ಲಿ ತರಬಹುದು. ನೂರ ಇಪ್ಪತ್ತೇಳು ಅವಿಭಾಜ್ಯ. ಯಾವುದರಿಂದಲೂ ಒಡೆಯುವುದಿಲ್ಲ. ಅಷ್ಟೂ ಹಲ್ಲಿರುವ ಗೇರೇ ಬೇಕು, ಇಲ್ಲದಿದ್ದರೆ ಅಂದಾಜಿನಲ್ಲಿ ನಡೆಸಬೇಕು.

ಅರವತ್ತಮೂರು ಅಂಥ ಒಂದು ಅಂದಾಜು. ನೂರ ಇಪ್ಪತ್ತೇಳನ್ನು ಅರವತ್ತಮೂರರಿಂದ ಗುಣಿಸಿದರೆ ಎಂಟು ಸಾವಿರದ ಒಂದು. ವರ್ಕ್‌ಶಾಪಿನವರು ಅದನ್ನು ಚಿಕ್ಕ ಗೇರುಗಳಿಗೆ ಒಡೆಯುವ ಎಂಟು ಸಾವಿರ ಎಂದು ತಿಳಿದುಕೊಳ್ಳುತ್ತಿದ್ದರು. ಎಂಟು ಸಾವಿರಕ್ಕೆ ಒಂದರ ತಪ್ಪು, ಕೂದಲಿಗಿಂತ ಸಣ್ಣದು, ಯಾವ ಲಿಫ್ಟನ್ನೂ ಬೀಳಿಸದು.

ಒಂದೇ ಆದರೂ ತಪ್ಪು ತಪ್ಪೇ ಎಂದು ಚಹಾ ಕುಡಿಯುತ್ತ ಹೇಳಿದವಳು ನಾನು. ಅವಿಭಾಜ್ಯದ ಜಾಗದಲ್ಲಿ ಬೇರೆ ಏನನ್ನಿಟ್ಟರೂ ಅದು ಸುಳ್ಳು ಎಂದವಳು ನಾನು. ಆ ಮಾತು ಕೇಳಿಕೊಂಡೇ ಅವರು ಮಾವನ ಹತ್ತಿರ ಗೇರ್ ಎರವಲು ತಂದದ್ದು.

ಟೇಪು ಸುತ್ತಿಕೊಡುವಾಗ ಲೆಕ್ಕ ತನ್ನಷ್ಟಕ್ಕೆ ತಲೆಯಲ್ಲಿ ಓಡಿತು. ಆರುನೂರಕ್ಕೆ ನಾಲ್ಕೂಮುಕ್ಕಾಲು ಹೆಚ್ಚು. ಅಂದರೆ ನೂರ ಇಪ್ಪತ್ತಾರಕ್ಕೆ ಒಂದು ಹೆಚ್ಚು.

ಇದು ಕೈ ನಡುಗಿ ಆದ ತಪ್ಪಲ್ಲ. ಮೆಷಿನ್ನು ಉದ್ದಕ್ಕೂ ಒಂದೇ ಸಮನೆ ಮಾಡಿದ ತಪ್ಪು. ನೂರ ಇಪ್ಪತ್ತೇಳರ ಜಾಗದಲ್ಲಿ ನೂರ ಇಪ್ಪತ್ತಾರು ಹಲ್ಲಿನ ಗೇರ್ ಕೂತಿದ್ದರೆ ಮಾತ್ರ ಹೀಗೆ ಬರುತ್ತದೆ.

"ನಿಮ್ಮಲ್ಲಿ ನೂರ ಇಪ್ಪತ್ತಾರರ ಗೇರ್ ಇದೆಯಾ?"

"ಅದು ಯಾರಿಗೆ ಬೇಕು? ಅಂಥದ್ದೇ ಇಲ್ಲ." ಅವರು ಗೋಡೆಯ ಹಲಗೆ ತೋರಿಸಿದರು. ಇಪ್ಪತ್ತು, ಇಪ್ಪತ್ತೈದು, ಮೂವತ್ತು, ಹೀಗೆ ಐದೈದರ ಹೆಜ್ಜೆಯಲ್ಲಿ ಗೇರುಗಳು ನೇತಾಡುತ್ತಿದ್ದವು, ನಡುವೆ ಅರವತ್ತಮೂರು. ನೂರ ಇಪ್ಪತ್ತಾರು ಇರಲಿಲ್ಲ.

"ಆ ದಿನ ಲೇತಿನ ಗೇರುಗಳನ್ನ ಯಾರು ಬಿಚ್ಚಿದ್ದು?"

ಯಜಮಾನರ ಮುಖ ಬಿಗಿಯಿತು. "ಸ್ಕ್ರೂ ಮುಗಿದ ಸಂಜೆ ನಿಮ್ಮೆಜಮಾನ್ರೇ ಎರವಲು ಗೇರ್ ಬಿಚ್ಕೊಂಡು ಮನೆಗೆ ತಗೊಂಡು ಹೋದ್ರು. ಉಳಿದದ್ದನ್ನ ಮಾರನೇ ದಿನ ನಾನು ಬಿಚ್ಚಿಸಿದೆ. ಬೇರೆ ಕೆಲಸ ಇತ್ತು."

"ಲಿಫ್ಟ್ ಬಿದ್ದ ದಿನ?"

"ಹೂಂ."

"ಬಿದ್ದ ಮೇಲಾ, ಮೊದಲಾ?"

"ನೋಡಿಮ್ಮ, ನೀವು ನನ್ನ ಮೇಲೆ ಅನುಮಾನ ಪಡ್ತಾ ಇದೀರಾ? ಪಡಿ. ನಿಮ್ಮ ಜಾಗದಲ್ಲಿ ನಾನಿದ್ರೂ ಪಡ್ತಿದ್ದೆ. ಆದ್ರೆ ನಾಳೆ ಹತ್ತು ಗಂಟೆಗೆ ತನಿಖೆಯವರು ಬಂದು ಟರ್ನರ್ ಗೇರ್ ತಪ್ಪು ಹಾಕಿದಾನೆ ಅಂತ ಬರೀತಾರೆ. ಅಲ್ಲ ಅನ್ನೋಕೆ ನಿಮ್ಮ ಹತ್ರ ಏನಿದೆ, ಅದನ್ನ ತನ್ನಿ."

ನನ್ನ ಹತ್ತಿರ ಏನೂ ಇರಲಿಲ್ಲ. ಹೆಗಲಲ್ಲಿ ಚೀಲ ಮಾತ್ರ ಇತ್ತು.

*

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಚೀಲ ತೊಡೆಯ ಮೇಲಿಟ್ಟುಕೊಂಡೆ. ಯಜಮಾನರು ಗೇರ್ ಬದಲಾಯಿಸಿರಬಹುದು ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಹಾಗೆ ಯೋಚಿಸಲು ಹಿತವಾಗಿತ್ತು. ಬೇರೆ ಯಾರ ತಪ್ಪಾದರೂ ಸರಿ, ಫಿಟ್ಟರನ ಹೆಂಡತಿಯ ಮುಂದೆ ತಲೆ ಎತ್ತಿ ನಿಲ್ಲಬಹುದಿತ್ತು.

ಅತ್ತೆ ಹಾಕಿದ್ದ ಗಂಟು ಬಿಚ್ಚತೊಡಗಿದೆ. ಗಂಟಿನ ಮೇಲೆ ಗಂಟು. ಮೂರು ಸುತ್ತು ಹಳೆಯ ಸೀರೆ. ಒಂದು ಗೇರಿಗೆ ಇಷ್ಟು ಹೊದಿಕೆ ಯಾಕೆ ಎಂದು ಆಗಲೂ ಹೊಳೆಯಲಿಲ್ಲ.

ಪಕ್ಕದಲ್ಲಿದ್ದ ಹೆಂಗಸು ಬಗ್ಗಿ ನೋಡಿದಳು. "ಬಸ್ಸಿಂದಾ ಇದು? ಅದಕ್ಕೇ ಮುಂದಕ್ಕೆ ಹೋಗ್ತಿಲ್ಲ ನೋಡಿ," ಎಂದಳು. ಹಿಂದಿನ ಸೀಟಿನವರೂ ನಕ್ಕರು.

ಗೇರಿನ ಮುಖದ ಮೇಲೆ ಅಂಕೆಗಳನ್ನು ಒತ್ತಿದ್ದರು. 127. ಅದರ ಪಕ್ಕದಲ್ಲೇ ಒಂದು ತೆಳ್ಳನೆಯ ಗೀರು, ಮಾಡಿದವರು ನಡುವನ್ನು ಗುರುತಿಸಲು ಮೊಳೆಯಿಂದ ಎಳೆದದ್ದು. ಅದು ಈ ಅಂಚಿನಿಂದ ಹೊರಟು, ನಟ್ಟನಡುವಿನ ತೂತನ್ನು ದಾಟಿ, ಆ ಅಂಚಿನವರೆಗೆ ನೇರವಾಗಿ ಹೋಗಿತ್ತು.

ಈ ತುದಿಯಲ್ಲಿ ಗೀರು ಒಂದು ಹಲ್ಲಿನ ನೆತ್ತಿಯಲ್ಲಿ ಮುಗಿದಿತ್ತು.

ನಾನು ಸುಮ್ಮನೆ ಆ ತುದಿಯನ್ನು ನೋಡಿದೆ. ಅಲ್ಲಿಯೂ ಒಂದು ಹಲ್ಲಿನ ನೆತ್ತಿ.

ಸ್ವಲ್ಪ ಹೊತ್ತು ಅರ್ಥವಾಗಲಿಲ್ಲ. ಆಮೇಲೆ ಗೇರನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿದೆ.

ನೂರ ಇಪ್ಪತ್ತೇಳು ಬೆಸ ಸಂಖ್ಯೆ. ಅಷ್ಟು ಹಲ್ಲುಗಳನ್ನು ಸಮನಾಗಿ ಸುತ್ತ ಜೋಡಿಸಿದರೆ ಯಾವ ಹಲ್ಲಿನ ಎದುರಿಗೂ ಹಲ್ಲು ಬರುವುದಿಲ್ಲ. ಹಲ್ಲಿನ ನೇರ ಎದುರಿಗೆ ಸಂದೇ ಇರಬೇಕು. ಹಲ್ಲಿಗೆ ಹಲ್ಲು ಎದುರಾಗಿದ್ದರೆ ಹಲ್ಲುಗಳ ಸಂಖ್ಯೆ ಸಮ. ಒತ್ತಿದ ಅಂಕೆ ಏನೇ ಹೇಳಲಿ.

ಎಣಿಸಿದೆ. ಎಣ್ಣೆ ಒರೆಸಿ ಉಗುರಿನಿಂದ ಒಂದೊಂದೇ ಹಲ್ಲು ಮುಟ್ಟಿ ಎಣಿಸಿದೆ. ಪಕ್ಕದ ಹೆಂಗಸು ಒತ್ತಿದ ಅಂಕೆ ನೋಡಿ ತಾನೂ ಜೊತೆಗೆ ಎಣಿಸುತ್ತಿದ್ದಳು. ಮೊದಲ ಸಲ ನೂರ ಇಪ್ಪತ್ತಾರು. ಎರಡನೆಯ ಸಲವೂ.

"ಒಂದು ಕಮ್ಮಿ ಬಂತಾ?" ಅವಳು ಪಿಸುಗುಟ್ಟಿದಳು.

"ಹೂಂ."

"ಅಂಗಡಿಯೋನಿಗೆ ವಾಪಸ್ ಕೊಡಿ. ಈಗಿನ ಕಾಲದಲ್ಲಿ ಎಲ್ಲರೂ ಮೋಸವೇ."

ನನ್ನ ಲೆಕ್ಕ ಸರಿಯಿತ್ತು. ನನ್ನ ಗಂಡನ ಕೈ ಸರಿಯಿತ್ತು. ಸಮಾಧಾನ ಆಗಬೇಕಿತ್ತು. ನನಗೆ ನಾಚಿಕೆಯೇ ಆಯಿತು, ಬೆಳಗಿನಿಂದ ಅವರನ್ನು ಒಳಗೊಳಗೇ ಎಷ್ಟು ಸಲ ಬೈದುಕೊಂಡಿದ್ದೆ ಎಂದು.

ಇನ್ನೊಂದು ಯೋಚನೆ ಅದರ ಬೆನ್ನಿಗೇ ಬಂತು. ಹಲ್ಲು ಎಣಿಸದೆ ಗೇರ್ ಹಾಕದ ನನ್ನ ಗಂಡ ಈ ಒಂದನ್ನು ಯಾಕೆ ಎಣಿಸಲಿಲ್ಲ?

*

ಮಾವನ ಶೆಡ್ಡು ಮನೆಯ ಹಿತ್ತಿಲಲ್ಲಿತ್ತು. ಹಳೆಯ ಲೇತ್, ಒಂದು ಬೆಂಚು, ಗೋಡೆಯುದ್ದಕ್ಕೆ ಮೊಳೆ ಹೊಡೆದು ನೇತುಹಾಕಿದ ಗೇರುಗಳು. ಪ್ರತಿ ಮೊಳೆಯ ಕೆಳಗೆ ಸುಣ್ಣದಲ್ಲಿ ಬರೆದ ಸಂಖ್ಯೆ. ಕೊನೆಯ ಮೊಳೆ ಮಾತ್ರ ಖಾಲಿ. 127.

ಮಾವ ಬೆಂಚಿನ ಪಕ್ಕ ಕೈಕಟ್ಟಿ ಕೂತಿದ್ದರು. ಮೆಷಿನ್ನು ನಿಂತಿತ್ತು. ಎಷ್ಟು ದಿನದಿಂದ ನಿಂತಿತ್ತೋ, ಅದರ ಉದ್ದನೆಯ ಹಾಸಿನ ಮೇಲೆ ತೆಳುವಾಗಿ ತುಕ್ಕು ಬಂದಿತ್ತು.

"ಬಾಮ್ಮ," ಎಂದರು. ಎದ್ದು ಸ್ಟೂಲು ಒರೆಸಿದರು. "ಬಿಸಿಲಲ್ಲಿ ಯಾಕೆ ಬರೋಕೆ ಹೋದೆ?"

"ಅತ್ತೆ ಕಳಿಸಿದರು. ಗೇರ್ ವಾಪಸ್ ಕೊಟ್ಟು ಬಾ ಅಂದರು."

"ಅಕ್ಕ ಕಳಿಸಿದ್ಲಾ." ಅವರು ಚೀಲದ ಕಡೆ ನೋಡಿದರು, ಕೈ ಚಾಚಲಿಲ್ಲ. "ಅಲ್ಲಿಡು. ಆಮೇಲೆ ನೇತುಹಾಕ್ತೀನಿ."

ನಾನು ಗೇರ್ ಹೊರತೆಗೆದು ಬೆಂಚಿನ ಮೇಲೆ, ಅವರ ಮುಂದೆ ಇಟ್ಟೆ.

"ಎಣಿಸ್ಕೊಳ್ಳಿ ಮಾವ."

"ಏನಂದೆ?"

"ಕೊಟ್ಟದ್ದನ್ನ ಎಣಿಸ್ಕೊಂಡು ತಗೋಬೇಕು ಅಂತ ನೀವೇ ಅಲ್ವಾ ಎಲ್ಲರಿಗೂ ಹೇಳಿಕೊಟ್ಟಿದ್ದು. ಎಣಿಸಿ."

ಅವರು ಗೇರನ್ನು ನೋಡಿದರು. ಎಣಿಕೆ ಮಾವ ಎಂದು ಹೆಸರಾದ ಮನುಷ್ಯ ಒಂದು ಹಲ್ಲನ್ನೂ ಮುಟ್ಟಲಿಲ್ಲ. ಆಗಲೇ ನನಗೆ ಗೊತ್ತಾಯಿತು.

"ವರ್ಕ್‌ಶಾಪಲ್ಲಿ ಯಾರೋ ಬದಲಾಯಿಸಿರಬೇಕು," ಎಂದರು, ತಗ್ಗಿದ ದನಿಯಲ್ಲಿ. "ಆ ಯಜಮಾನನ್ನ ನಂಬೋಕಾಗಲ್ಲ."

"ಏನು ಬದಲಾಗಿದೆ ಅಂತ ನಾನಿನ್ನೂ ಹೇಳೇ ಇಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಆ ವಯಸ್ಸಿನವರನ್ನು ಹೀಗೆ ನಿಲ್ಲಿಸಿ ಕೇಳುವುದು ನನಗೇ ಮೈ ಹಿಡಿಯಾಗುವಂತಿತ್ತು. ನನ್ನ ಮದುವೆಯಲ್ಲಿ ಊಟ ಬಡಿಸಿದ ಕೈಗಳು ಅವು.

"ಇದನ್ನ ಕೊರೆದದ್ದು ನೀವು," ಎಂದೆ. "ನೂರ ಇಪ್ಪತ್ತಾರನ್ನ ಎರಡಕ್ಕೆ, ಏಳಕ್ಕೆ, ಒಂಬತ್ತಕ್ಕೆ ಒಡೀಬಹುದು. ಸುತ್ತನ್ನ ಅಷ್ಟು ಭಾಗ ಮಾಡೋದು ನಿಮ್ಮ ಡಿವೈಡಿಂಗ್ ಹೆಡ್ಡಿಗೆ ಬರುತ್ತೆ. ನೂರ ಇಪ್ಪತ್ತೇಳನ್ನ ಒಡೆಯೋಕಾಗಲ್ಲ. ಅದಕ್ಕೆ ಬೇರೆ ಪ್ಲೇಟೇ ಬೇಕು. ಅದು ನಿಮ್ಮ ಹತ್ರ ಇಲ್ಲ."

ಆ ಸಂಖ್ಯೆ ಯಾವ ಕಾರಣಕ್ಕೆ ಬೇಕಾಗುತ್ತದೋ ಅದೇ ಕಾರಣಕ್ಕೆ ಅದನ್ನು ಕೊರೆಯುವುದೂ ಕಷ್ಟ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಮಾವ ಕೈಯಲ್ಲಿ ಮಾಡಿ ನೋಡಿದ್ದರು.

"ಸ್ಪ್ಯಾನರ್ ಬಿದ್ದುಬಿಡ್ತು," ಎಂದರು ಕೊನೆಗೆ. "ಮೆಷಿನ್ ಓಡ್ತಿರುವಾಗ. ನನ್ನ ಕೈಯಿಂದಲೇ. ಅಸಲಿ ಗೇರಿನ ಮೂರು ಹಲ್ಲು ಹೋಯ್ತು. ನಾನು ಯಾರಿಗೆಲ್ಲ ಬೈದಿದೀನಿ, ಮೆಷಿನ್ ಮೇಲೆ ಸ್ಪ್ಯಾನರ್ ಇಡಬೇಡ್ರೋ ಅಂತ."

"ಹೇಳಬಹುದಿತ್ತಲ್ಲ."

"ಯಾರಿಗೆ? ಮೊಳೆ ಖಾಲಿ ಕಂಡ್ರೆ ಎಲ್ಲರೂ ಕೇಳ್ತಿದ್ರು. ಹೊಸದು ಕೊರೆಯೋಣ ಅಂತ ಕೂತೆ. ಎಷ್ಟು ಸಲ ಕೊರೆದ್ರೂ ಕೊನೇ ಹಲ್ಲು ಒಂದ್ಸಲ ದಪ್ಪ, ಒಂದ್ಸಲ ಸಣ್ಣ. ಮುಚ್ಚಿಡೋಕಾಗದ ಹಾಗೆ ಕಾಣ್ತಿತ್ತು. ನೂರ ಇಪ್ಪತ್ತಾರಕ್ಕೆ ಹಾಕಿದಾಗ ಹೂವಿನ ಹಾಗೆ ಬಂತು. ಮೊಳೆಗೆ ನೇತುಹಾಕೋಕೆ ತಾನೇ, ಈಗ ಯಾರು ಇದನ್ನ ಕೇಳ್ಕೊಂಡು ಬರ್ತಾರೆ ಅಂತ ನಂಬರ್ ಒತ್ತಿಬಿಟ್ಟೆ."

"ಇವರು ಬಂದರು."

"ಬಂದ. ನಮ್ಮನೆಯವಳು ನೂರ ಇಪ್ಪತ್ತೇಳೇ ಬೇಕು ಅಂತಾಳೆ ಮಾವ ಅಂದ. ನಿನ್ನ ವಿಷಯ ಹೇಳುವಾಗ ಅವನ ಮುಖ ನೀನು ನೋಡ್ಬೇಕಿತ್ತು." ಮಾವ ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. "ಮೊಳೆಯಿಂದ ತೆಗೆದ. ಎಣಿಸೋಕೆ ಅಂತ ಬೆರಳು ಇಟ್ಟ. ಆಮೇಲೆ ನಕ್ಕು, ನಿಮ್ಮ ಗೇರನ್ನ ಎಣಿಸಿದ್ರೆ ನನ್ನ ಕೈ ಬಿದ್ದುಹೋಗುತ್ತೆ ಅಂದ. ಚೀಲಕ್ಕೆ ಹಾಕ್ಕೊಂಡ. ಆಗ ಬಾಯಿ ಬಿಡಬೇಕಿತ್ತು ನಾನು."

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದು ಹೋದರು. ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ನನ್ನ ಗಂಡ ಎಣಿಸಲು ಬೆರಳಿಟ್ಟದ್ದು ಮಾತ್ರ ಕಾಣುತ್ತಿತ್ತು.

"ನಾಳೆ ಹತ್ತು ಗಂಟೆಗೆ ವರದಿ ಬರೀತಾರೆ," ಎಂದೆ. "ಸ್ಕ್ರೂ ನೋಡಿದರೆ ನೂರ ಇಪ್ಪತ್ತಾರು ಹಾಕಿದ್ದು ಅಂತ ಗೊತ್ತಾಗುತ್ತೆ. ಟರ್ನರ್ ತಪ್ಪು ಅಂತಾರೆ. ಇವರಿಗೇ ಮೋಸ ಆಗಿತ್ತು ಅಂತ ಹೇಳೋದು ಈ ಒತ್ತಿರೋ ನಂಬರ್ ಒಂದೇ."

"ಗೊತ್ತು. ನನ್ನ ಕೈಗೆ ಕೊಡು. ನಾನೇ ತಗೊಂಡ್ಹೋಗಿ ಅವರ ಮುಂದೆ ಇಡ್ತೀನಿ. ಅಷ್ಟಾದ್ರೂ ಮಾಡ್ತೀನಿ." ಅವರು ಎದ್ದು ನಿಂತರು, ನಂತರ ಯಾವುದೋ ನೆನಪಾದವರಂತೆ ತಲೆ ಅಲ್ಲಾಡಿಸಿದರು. "ಆದ್ರೆ ಒಂದು ನನಗೆ ಇವತ್ತಿಗೂ ಅರ್ಥ ಆಗಿಲ್ಲಮ್ಮ. ಅವನು ಗೊತ್ತಿದ್ದೂ ಯಾಕೆ ಇದನ್ನೇ ಹಾಕಿದ?"

"ಗೊತ್ತಿದ್ದೂ?"

"ಮಾರನೇ ಬೆಳಿಗ್ಗೆ ತಡೆಯೋಕಾಗದೆ ಮನೆಗೆ ಫೋನ್ ಮಾಡಿದೆನಲ್ಲ. ಆ ಗೇರ್ ಸರಿಯಿಲ್ಲ, ಮೆಷಿನ್ನಿಗೆ ಹಾಕಬೇಡ ಅಂತ. ಅವನು ಸ್ನಾನಕ್ಕೆ ಹೋಗಿದ್ದ. ಹೇಳ್ತೀನಿ ಅಂದ್ಲು."

"ಯಾರು ಅಂದದ್ದು?"

ಮಾವ ನನ್ನ ಮುಖ ನೋಡಿದರು. "ನಿಮಗ್ಯಾರಿಗೂ ಅಕ್ಕ ಹೇಳ್ಲೇ ಇಲ್ವಾ?" ಎಂದರು.

ಬೆಂಚಿನ ಮೇಲಿಟ್ಟಿದ್ದ ನನ್ನ ಫೋನ್ ಹೊಡೆದುಕೊಂಡಿತು. ಪರದೆಯ ಮೇಲಿದ್ದ ಹೆಸರನ್ನು ಇಬ್ಬರೂ ಓದಿದೆವು. ಅತ್ತೆ.

ಫೋನನ್ನು ಕಿವಿಗಿಟ್ಟುಕೊಳ್ಳದೆ ಸ್ಪೀಕರಿಗೆ ಹಾಕಿದೆ.

"ಕೊಟ್ಟಾಯ್ತಾ ಮಗಳೇ?"

ನಾನು ಗೇರನ್ನು ಎರಡೂ ಕೈಯಲ್ಲಿ ಎತ್ತಿ ಮಾವನ ಕೈಯಲ್ಲಿ ಇಟ್ಟೆ. ಅವರ ಕೈ ಭಾರಕ್ಕೆ ಕೆಳಗಿಳಿಯಿತು. ಎದೆಗೆ ಒತ್ತಿ ಹಿಡಿದುಕೊಂಡರು.

"ಕೊಟ್ಟೆ ಅತ್ತೆ."

"ಸದ್ಯ." ಅತ್ತೆ ಉಸಿರು ಬಿಟ್ಟದ್ದು ಶೆಡ್ಡಿನಲ್ಲೆಲ್ಲ ಕೇಳಿಸಿತು. ಹಿಂದೆ ಬಚ್ಚಲಿನ ನಲ್ಲಿಯ ಸದ್ದಿತ್ತು. "ಅವನೇನೂ ಹೇಳ್ಲಿಲ್ಲ ತಾನೇ?"

"ಏನು ಹೇಳಬೇಕಿತ್ತು ಅತ್ತೆ?"

ನೀರು ಬಕೆಟ್ಟಿಗೆ ಬೀಳುತ್ತಲೇ ಇತ್ತು. ತುಂಬಿ ನೆಲಕ್ಕೆ ಚೆಲ್ಲುವ ಸದ್ದು ಕೇಳಿತು. ಅತ್ತೆ ನಲ್ಲಿ ನಿಲ್ಲಿಸಲಿಲ್ಲ.